ಪ್ಲಾಸ್ಟಿಕ್ ಪೆಡಂಭೂತಗಳ ಜನ್ಮವೃತ್ತಾಂತ

ಹಳೆಯ ನಾಣ್ಯಗಳನ್ನು ಸಂಗ್ರಹಿಸುವವರನ್ನು ನಾವೆಲ್ಲರೂ ಬಲ್ಲೆವು. ನಾಣ್ಯದ ಮೇಲೆ ಅರಸನ ಹೆಸರೋ ಟಂಕಸಾಲೆಯ ಗುರುತೋ ಇರುತ್ತದೆ. ಅದರ ಕಾಲದೇಶಗಳನ್ನು ನಿರ್ಣಯಿಸುವುದಕ್ಕೆ ಅಷ್ಟು ಆಧಾರ ಸಾಕು. ಆದರೆ ತಯಾರಿಸಿದವನ ಹೆಸರಾಗಲಿ, ತಯಾರಾದ ವರ್ಷವಾಗಲಿ ಕಾಣದ ವಸ್ತುಗಳನ್ನು ಅಕ್ಕರೆಯಿಂದ ಕೂಡಿಡುವವರೂ ಲೋಕದಲ್ಲಿ ಉಂಟು. ಬೆರಳುದ್ದದ ಪ್ಲಾಸ್ಟಿಕ್ ಪೆಡಂಭೂತಗಳು ಅಂತಹ ವಸ್ತುಗಳು. ಒಂದು ಕಾಲಕ್ಕೆ ಚಿಲ್ಲರೆ ಕಾಸಿಗೆ ಚೀಲದ ತುಂಬ ದೊರೆಯುತ್ತಿದ್ದ ಈ ಬೊಂಬೆಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಇವುಗಳ ಹುಟ್ಟನ್ನು ಪತ್ತೆಮಾಡುವ ಕೆಲಸದಲ್ಲಿ ಭೌತವಿಜ್ಞಾನವು ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಈ ಬೊಂಬೆಗಳಿಗೆ ಕೀರ್ತಿ ಬಂದ ಬಗೆಯನ್ನು ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬುವರಿದ್ದರು. ಡೇವ್ ಆರ್ನೆಸನ್ನರೊಡಗೂಡಿ ಅವರು ರಚಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟ ೧೯೭೪ರಲ್ಲಿ ಪ್ರಕಟವಾಯಿತು. ಮೇಜಿನ ಮೇಲೆ ಸಣ್ಣ ಬೊಂಬೆಗಳನ್ನು ಹೂಡಿ ಕಾಲ್ಪನಿಕ ಯುದ್ಧಗಳನ್ನು ಆಡುತ್ತಿದ್ದ ಅವರಿಗೆ ವಿಚಿತ್ರ ಮೃಗಗಳ ಬೊಂಬೆಗಳು ಬೇಕಾಗಿದ್ದವು. ಅಗ್ಗದ ಸಾಮಾನಿನ ಅಂಗಡಿಯೊಂದರಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾದ ಪ್ಲಾಸ್ಟಿಕ್ ಪ್ರಾಣಿಗಳ ಚೀಲ ಅವರ ಕೈಗೆ ಬಂದಿತು. ಇತಿಹಾಸಪೂರ್ವ ಪ್ರಾಣಿಗಳೆಂದು ಅವುಗಳನ್ನು ಮಾರುತ್ತಿದ್ದರು. ಆದರೆ ಅವುಗಳಲ್ಲಿ ಕೆಲವು ಭೂಗರ್ಭದಲ್ಲಿ ದೊರೆತ ಯಾವ ಅಸ್ಥಿಪಂಜರವನ್ನೂ ಹೋಲುತ್ತಿರಲಿಲ್ಲ. ಬಾಲದ ತುದಿಯಲ್ಲಿ ವಿಮಾನದ ಪಂಕದಂತಹ ರಚನೆಯಿದ್ದ ಬೊಂಬೆಯಿಂದ ಕಬ್ಬಿಣವನ್ನು ತುಕ್ಕಾಗಿಸುವ 'ರಸ್ಟ್ ಮಾನ್‌ಸ್ಟರ್' ಹುಟ್ಟಿತು. ಮತ್ತೊಂದರಿಂದ ಗೂಬೆಯ ಮೋರೆಯ ಕರಡಿ 'ಔಲ್‌ಬೇರ್' ಹುಟ್ಟಿತು. ಇವೆರಡೂ ೧೯೭೫ರ 'ಗ್ರೇಹಾಕ್' ಎಂಬ ಪುರವಣಿಯಲ್ಲಿ ಕಾಣಿಸಿಕೊಂಡವು. ಚಿಪ್ಪಿನ ಬೆನ್ನಿನ 'ಬ್ಯುಲೆಟ್' ೧೯೭೬ರಲ್ಲಿ 'ದಿ ಡ್ರಾಗನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದಿತು.

ಹೀಗೆ ಆಟಕ್ಕೆ ಹೆಸರು ಬಂದಿತು. ಆಟವನ್ನು ರಚಿಸಿದವರಿಗೂ ಹೆಸರು ಬಂದಿತು. ಆ ಮೃಗಗಳನ್ನು ಮೊದಲು ಕಲ್ಪಿಸಿ ಕಡೆದ ಶಿಲ್ಪಿಯ ಹೆಸರು ಮಾತ್ರ ಬೊಂಬೆಯ ಮೇಲೆ ಇರಲಿಲ್ಲ. ಜಪಾನಿನಲ್ಲಿ ೧೯೫೪ರಲ್ಲಿ ತೆರೆಕಂಡ ಗಾಡ್ಜಿಲ್ಲಾ ಚಿತ್ರ, ೧೯೬೬ರಲ್ಲಿ ಪ್ರಾರಂಭವಾದ ಅಲ್ಟ್ರಾಮನ್ ಎಂಬ ದೂರದರ್ಶನ ಕಥಾಮಾಲೆ, ಇವುಗಳ ಮೃಗಗಳಿಗೂ ಈ ಬೊಂಬೆಗಳಿಗೂ ಹೋಲಿಕೆಗಳನ್ನು ಸಂಗ್ರಾಹಕರು ತೋರಿಸುತ್ತಾರೆ. ಹೋಲಿಕೆ ಒಂದು ಸುಳಿವೇ ಹೊರತು ಪ್ರಮಾಣವಲ್ಲ. ಬೇಡಿಕೆ ಹೆಚ್ಚಿದಂತೆಲ್ಲ ನಕಲುಗಳೂ ಹುಟ್ಟುತ್ತವೆ. ನಕಲನ್ನು ಅಸಲೆಂದು ನಂಬಿದರೆ ಕೊಂಡವನ ಹಣ ಹೋಗುವುದು ಮಾತ್ರವಲ್ಲ. ಹೆಸರಿಲ್ಲದ ಆ ಕುಶಲಕರ್ಮಿಗಳ ಚರಿತ್ರೆಗೆ ಉಳಿದಿರುವ ಏಕೈಕ ದಾಖಲೆಯೂ ಕೆಡುತ್ತದೆ.

ಒಂದು ಪ್ರಶ್ನೆಯಲ್ಲ, ಮೂರು

'ಈ ಬೊಂಬೆ ಎಷ್ಟು ಹಳೆಯದು?' ಎಂಬ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಮೂಲರೂಪವನ್ನು ಕಡೆದದ್ದು ಯಾವಾಗ? ಲೋಹದ ಅಚ್ಚನ್ನು ಕೊರೆದದ್ದು ಯಾವಾಗ? ನಮ್ಮ ಕೈಯಲ್ಲಿರುವ ಈ ಬೊಂಬೆಯನ್ನು ಆ ಅಚ್ಚಿನಲ್ಲಿ ಒತ್ತಿದ್ದು ಯಾವಾಗ? ಉಕ್ಕಿನ ಅಚ್ಚು ಬಹುಕಾಲ ಬಾಳುವಂಥದು. ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಮಾರಾಟವಾಗಬಲ್ಲದು. ಆದುದರಿಂದ ರೂಪ ಹಳೆಯದಾಗಿದ್ದು ಬೊಂಬೆ ಹೊಸದಾಗಿರುವುದು ಸಾಧ್ಯ. ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆದಂತೆಯೇ.

ಇಂತಹ ಬೊಂಬೆಗಳನ್ನು ತಯಾರಿಸುವ ರೀತಿ ಹೀಗೆ: ಕರಗಿಸಿದ ಪ್ಲಾಸ್ಟಿಕ್ಕನ್ನು ಎರಡು ಹೋಳುಗಳ ಲೋಹದ ಅಚ್ಚಿನೊಳಕ್ಕೆ ಬಲವಾದ ಒತ್ತಡದಿಂದ ತುಂಬುತ್ತಾರೆ. ಅದು ತಣಿದ ಮೇಲೆ ಹೋಳುಗಳನ್ನು ತೆರೆದು ಬೊಂಬೆಯನ್ನು ಹೊರದೂಡುತ್ತಾರೆ. ಹೋಳುಗಳು ಕೂಡುವಲ್ಲಿ ಸಣ್ಣ ಗೆರೆಯೊಂದು ಉಳಿಯುತ್ತದೆ; ಪ್ಲಾಸ್ಟಿಕ್ ಒಳಹೊಕ್ಕ ಬಾಯಿಯ ಗುರುತೂ ಉಳಿಯುತ್ತದೆ. ಅಚ್ಚಿಗೆ ಗೀರು ಬಿದ್ದರೆ ಅಲ್ಲಿಂದಾಚೆಗೆ ಹುಟ್ಟುವ ಪ್ರತಿಯೊಂದು ಬೊಂಬೆಯ ಮೇಲೂ ಅದು ಉಬ್ಬುಗೆರೆಯಾಗಿ ಮೂಡುತ್ತದೆ. ಒಂದೇ ಅಚ್ಚಿನ ಎರಡು ಬೊಂಬೆಗಳಲ್ಲಿ ಒಂದರ ಮೇಲೆ ಆ ಉಬ್ಬುಗೆರೆಯಿದ್ದು ಇನ್ನೊಂದರ ಮೇಲೆ ಇಲ್ಲದಿದ್ದರೆ, ಅಚ್ಚನ್ನು ನಡುವೆ ತಿದ್ದಿ ಸರಿಪಡಿಸದಿದ್ದ ಪಕ್ಷದಲ್ಲಿ, ಗೆರೆಯಿಲ್ಲದ್ದೇ ಅಣ್ಣ. ವರ್ಷ ತಿಳಿಯದಿದ್ದರೂ ಹಿರಿಕಿರಿಯರ ಕ್ರಮ ಹೀಗೆ ತಿಳಿಯುತ್ತದೆ.

ಕುಗ್ಗುವ ನಕಲು

ಪ್ಲಾಸ್ಟಿಕ್ ತಣಿದಾಗ ಕುಗ್ಗುತ್ತದೆ. ಪಾಲಿಎಥಿಲೀನಿನಲ್ಲಿ ಈ ಕುಗ್ಗುವಿಕೆ ಉದ್ದದಲ್ಲಿ ನೂರಕ್ಕೆ ಸುಮಾರು ೨ರಷ್ಟು ಇರುವುದುಂಟು. ಬಲ್ಲ ಅಚ್ಚುಗಾರನು ಇದನ್ನು ಮೊದಲೇ ಎಣಿಸಿ ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆಯುತ್ತಾನೆ. ಆದರೆ ಸಿದ್ಧ ಬೊಂಬೆಯನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆಯುವವನಿಗೆ ದೊರೆಯುವುದು ಬೊಂಬೆಯಷ್ಟೇ ಅಳತೆಯ ಅಚ್ಚು. ಅದರಿಂದ ಹುಟ್ಟುವ ನಕಲು ಅಸಲಿಗಿಂತ ಚಿಕ್ಕದಾಗಲೇಬೇಕು. ೬೦ ಮಿಲಿಮೀಟರ್ ಉದ್ದದ ಅಸಲಿನ ನಕಲು ೫೮.೮ ಮಿಲಿಮೀಟರ್ ಆದರೆ, ನಕಲಿನ ನಕಲು ಸುಮಾರು ೫೭.೬ ಮಿಲಿಮೀಟರ್ ಆಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ವರ್ನಿಯರ್ ಕ್ಯಾಲಿಪರ್ಸಿನಿಂದ ಈ ಅಂತರವನ್ನು ಸುಲಭವಾಗಿ ಅಳೆಯಬಹುದು.

ತಕ್ಕಡಿಯಿಂದಲೂ ಇದೇ ಸಂಗತಿ ಹೊರಬೀಳುತ್ತದೆ. ಗಾತ್ರವು ಉದ್ದದ ಘನದಂತೆ ಬದಲಾಗುವುದರಿಂದ, ಉದ್ದದಲ್ಲಿ ನೂರಕ್ಕೆ ೨ ಕುಗ್ಗಿದರೆ ಗಾತ್ರದಲ್ಲಿ ನೂರಕ್ಕೆ ಸುಮಾರು ೬ ಕುಗ್ಗುತ್ತದೆ. ಪ್ಲಾಸ್ಟಿಕ್ ಒಂದೇ ಬಗೆಯದಾಗಿದ್ದರೆ ೧೦ ಗ್ರಾಮಿನ ಅಸಲಿಗೆ ೯.೪ ಗ್ರಾಮಿನ ನಕಲೂ, ೮.೯ ಗ್ರಾಮಿನ ಮರಿನಕಲೂ ಹುಟ್ಟುತ್ತವೆ. ಆದರೆ ಇಲ್ಲಿ ಎಚ್ಚರಿಕೆ ಬೇಕು. ಒಂದೇ ಅಚ್ಚಿನ ಬೊಂಬೆಗಳಲ್ಲಿಯೂ ಒತ್ತಡ ಮತ್ತು ತಣಿಸುವ ವೇಗಗಳಿಗೆ ತಕ್ಕಂತೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಒಂದೇ ಬೊಂಬೆಯ ಒಂದೇ ಅಳತೆಯಿಂದ ತೀರ್ಪು ಕೊಡಲಾಗದು. ತಲೆ, ಕಾಲು, ಬಾಲ ಎಲ್ಲವನ್ನೂ ಹಲವು ಬೊಂಬೆಗಳಲ್ಲಿ ಅಳೆಯಬೇಕು. ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಅದು ನಕಲಿನ ಲಕ್ಷಣ; ಅಂಗಾಂಗಗಳ ಪ್ರಮಾಣವೇ ಬದಲಾಗಿದ್ದರೆ ಯಾರೋ ಹೊಸದಾಗಿ ಕಡೆದಿರಬೇಕೆಂದು ಊಹಿಸಬಹುದು.

ಇಂದು ಮನೆಯಲ್ಲಿಯೇ ರಬ್ಬರಿನ ಅಚ್ಚು ತೆಗೆದು ರಾಳವನ್ನು ಎರೆಯುವವರುಂಟು. ಅಂತಹ ರಾಳ ಬಹಳ ಕಡಿಮೆ ಕುಗ್ಗುವುದರಿಂದ ಅಳತೆಯೊಂದೇ ಸಾಲದು. ಆಗ ವಸ್ತುವನ್ನೇ ಪರೀಕ್ಷಿಸಬೇಕಾಗುತ್ತದೆ.

ಆರ್ಕಿಮಿಡೀಸನ ನೆರವು

ವಸ್ತುವನ್ನು ಗುರುತಿಸುವ ಅತ್ಯಂತ ಸರಳವಾದ ಉಪಾಯ ಸಾಂದ್ರತೆ. ಪಾಲಿಎಥಿಲೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ೦.೯೧ರಿಂದ ೦.೯೭ ಗ್ರಾಮ್, ಅದು ನೀರಿನಲ್ಲಿ ತೇಲುತ್ತದೆ. ಪಾಲಿಸ್ಟೈರೀನಿನದು ಸುಮಾರು ೧.೦೫, ಅದು ಸಿಹಿನೀರಿನಲ್ಲಿ ಮುಳುಗಿ, ಸುಮಾರು ೧.೨ ಸಾಂದ್ರತೆಯ ಪರ್ಯಾಪ್ತ ಉಪ್ಪುನೀರಿನಲ್ಲಿ ತೇಲುತ್ತದೆ. ಗಡಸು ಪಿ.ವಿ.ಸಿ. ಸುಮಾರು ೧.೪ರಷ್ಟಿದ್ದು ಎರಡರಲ್ಲಿಯೂ ಮುಳುಗುತ್ತದೆ. ಬೊಂಬೆ ಟೊಳ್ಳಾಗಿದ್ದರೆ ಒಳಗಿನ ಗಾಳಿ ನಮ್ಮನ್ನು ಮೋಸಗೊಳಿಸುತ್ತದೆ. ಪ್ಲಾಸ್ಟಿಕ್ಕಿಗೆ ಸುಣ್ಣದ ಪುಡಿ ಬೆರೆಸಿದ್ದರೂ ಲೆಕ್ಕ ತಪ್ಪುತ್ತದೆ.

ಇದಕ್ಕಿಂತ ನಿಖರವಾದುದು ಅವಕೆಂಪು ಕಿರಣಗಳ ಪರೀಕ್ಷೆ. ಅಣುವಿನೊಳಗಿನ ಬಂಧಗಳು ತಮ್ಮತಮ್ಮ ಕಂಪನಾಂಕಕ್ಕೆ ಹೊಂದುವ ಕಿರಣಗಳನ್ನು ಮಾತ್ರ ಹೀರಿಕೊಳ್ಳುತ್ತವೆ. ಹೀರಿಕೆಯ ರೋಹಿತವನ್ನು ನೋಡಿ ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳಬಹುದು. ಜಾತಿ ತಿಳಿದರೆ ಕಾಲದ ಕೆಳಮಿತಿಯೂ ತಿಳಿಯುತ್ತದೆ: ಪಾಲಿಪ್ರೊಪಿಲೀನ್ ೧೯೫೭ರಿಂದೀಚೆಗೆ ಮಾರುಕಟ್ಟೆಗೆ ಬಂದುದರಿಂದ, ಆ ಪ್ಲಾಸ್ಟಿಕ್ಕಿನ ಬೊಂಬೆ ಅದಕ್ಕಿಂತ ಹಿಂದಿನದಾಗಿರಲಾರದು. ಬಣ್ಣದಲ್ಲಿರುವ ಧಾತುಗಳನ್ನು ತಿಳಿಯಲು ಕ್ಷ-ಕಿರಣಗಳು ಒದಗುತ್ತವೆ. ಕ್ಷ-ಕಿರಣ ತಾಗಿದ ಪರಮಾಣು ತನ್ನ ಒಳಕವಚದ ಎಲೆಕ್ಟ್ರಾನನ್ನು ಕಳೆದುಕೊಂಡು, ಆ ತೆರಪು ತುಂಬುವಾಗ ತನಗೇ ವಿಶಿಷ್ಟವಾದ ಕ್ಷ-ಕಿರಣವನ್ನು ಹೊರಸೂಸುತ್ತದೆ. ಈ ಕಿರಣಕ್ಕೂ ಪರಮಾಣು ಸಂಖ್ಯೆಗೂ ಇರುವ ಸಂಬಂಧವನ್ನು ೧೯೧೩ರಲ್ಲಿ ಮೋಸ್ಲಿ ತೋರಿಸಿಕೊಟ್ಟನು. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂಗಳು ಹೀಗೆ ಪತ್ತೆಯಾಗುವುದುಂಟು. ಈ ಕಾರಣದಿಂದಲೇ ಹಳೆಯ ಬೊಂಬೆಗಳನ್ನು ಎಳೆಯ ಮಕ್ಕಳ ಬಾಯಿಗೆ ಸಿಕ್ಕುವಂತೆ ಇಡಬಾರದು. ಬೊಂಬೆಯ ತುಣುಕನ್ನು ಸುಟ್ಟು ವಾಸನೆ ನೋಡುವ ಪದ್ಧತಿಯನ್ನೂ ಯಾರೂ ಅನುಸರಿಸಬಾರದು, ಸುಟ್ಟ ಪಿ.ವಿ.ಸಿ. ಹೈಡ್ರೋಜನ್ ಕ್ಲೋರೈಡ್ ಎಂಬ ಉಗ್ರ ಅನಿಲವನ್ನು ಬಿಡುತ್ತದೆ.

ಪುರಾತತ್ತ್ವಜ್ಞರು ಬಳಸುವ ವಿಕಿರಣಶೀಲ ಇಂಗಾಲದ ವಿಧಾನ ಇಲ್ಲೇಕೆ ಸಲ್ಲದು ಎಂದು ವಿದ್ಯಾರ್ಥಿಗಳು ಕೇಳಬಹುದು. ಇಂಗಾಲ-೧೪ರ ಅರ್ಧಾಯುಷ್ಯ ಸುಮಾರು ೫,೭೩೦ ವರ್ಷ. ಈ ಪ್ಲಾಸ್ಟಿಕ್ಕುಗಳ ಮೂಲ ಕಲ್ಲೆಣ್ಣೆ ಮತ್ತು ನೈಸರ್ಗಿಕ ಅನಿಲ. ಅವು ಭೂಮಿಯೊಳಗೆ ಕೋಟ್ಯಂತರ ವರ್ಷ ಹುದುಗಿದ್ದವು. ಅವುಗಳಲ್ಲಿದ್ದ ಇಂಗಾಲ-೧೪ ಎಂದೋ ಕ್ಷಯಿಸಿಹೋಗಿದೆ. ನಿನ್ನೆ ತಯಾರಾದ ಬೊಂಬೆಯೂ ಆ ಗಡಿಯಾರಕ್ಕೆ ಅನಾದಿಕಾಲದ್ದಾಗಿ ತೋರುತ್ತದೆ!

ಕಾಗದದ ಸಾಕ್ಷ್ಯ

ವಸ್ತು ಕೆಳಮಿತಿಯನ್ನು ಕೊಟ್ಟರೆ ಮೇಲ್ಮಿತಿಯನ್ನು ಕೊಡುವುದು ಬರಹ. ರಸ್ಟ್ ಮಾನ್‌ಸ್ಟರ್ ೧೯೭೫ರ ಪುಸ್ತಕದಲ್ಲಿರುವುದರಿಂದ ಅದಕ್ಕೆ ಮಾದರಿಯಾದ ಬೊಂಬೆಯ ರೂಪ ಅದಕ್ಕಿಂತ ಮುಂಚೆಯೇ ಇದ್ದಿರಬೇಕು. ಚೀಲದ ಮೇಲಿನ ಕಾಗದದ ಪಟ್ಟಿ ಉಳಿದಿದ್ದರಂತೂ ಅದು ನಿಧಿಯೇ ಸರಿ. ಅದರಲ್ಲಿ ಅಮೆರಿಕದ ಐದಂಕಿಯ ಜಿಪ್ ಕೋಡಿದ್ದರೆ ಪಟ್ಟಿ ೧೯೬೩ರ ಅಥವಾ ಆಮೇಲಿನದು. ಏಕೆಂದರೆ ಆ ಪದ್ಧತಿ ಜಾರಿಗೆ ಬಂದದ್ದೇ ಆ ವರ್ಷ. ನಮ್ಮ ದೇಶದ ಹಳೆಯ ಪೊಟ್ಟಣಗಳಿಗೂ ಇದೇ ತರ್ಕ ಸಲ್ಲುತ್ತದೆ. ಇಲ್ಲಿ ಪಿನ್ ಕೋಡ್ ಬಂದದ್ದು ೧೯೭೨ರ ಆಗಸ್ಟ್ ೧೫ರಂದು. ಅಂಗಡಿಯಲ್ಲಿ ಪಟ್ಟೆಗೆರೆಗಳ ಸಂಕೇತವನ್ನು ಯಂತ್ರ ಮೊದಲು ಓದಿದ್ದು ೧೯೭೪ರ ಜೂನ್ ೨೬ರಂದು, ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ. ಅಂತಹ ಗೆರೆಗಳಿದ್ದ ಪಟ್ಟಿ ಅದಕ್ಕೆ ಬಹಳ ಹಿಂದಿನದಾಗಲಾರದು. ಮಗುವಿಗೆ ಬೊಂಬೆಯೇ ಬೇಕು, ಚೀಲ ಬೇಡ. ಆದುದರಿಂದ ಬೊಂಬೆಗಳು ಉಳಿದು ಅವುಗಳ ಜಾತಕ ಕಸದ ಪಾಲಾಯಿತು.

ಈ ಪರೀಕ್ಷೆಗಳಲ್ಲಿ ಯಾವುದೊಂದೂ ತಾನಾಗಿ ಪೂರ್ಣ ಉತ್ತರವನ್ನು ಕೊಡುವುದಿಲ್ಲ. ಅಳತೆ ಸಂಬಂಧವನ್ನು ಹೇಳುತ್ತದೆ, ಗೀರು ಕ್ರಮವನ್ನು ಹೇಳುತ್ತದೆ, ರೋಹಿತ ವಸ್ತುವನ್ನು ಹೇಳುತ್ತದೆ, ಕಾಗದ ಕಾಲವನ್ನು ಹೇಳುತ್ತದೆ. ಇವು ಪರಸ್ಪರ ಒಪ್ಪಿದಾಗ ನಂಬಿಕೆ ಬಲಿಯುತ್ತದೆ. ಒಪ್ಪದಿದ್ದಾಗ ನಮ್ಮ ಊಹೆಯನ್ನು ಬಿಡಬೇಕೇ ಹೊರತು ಸಾಕ್ಷ್ಯವನ್ನು ಬಿಡಬಾರದು. ಒಳ್ಳೆಯ ಸಂಗ್ರಾಹಕನು ಬೊಂಬೆಯನ್ನು ಉಜ್ಜಿ ತೊಳೆಯುವುದಕ್ಕೆ ಮೊದಲು ಅದರ ತೂಕ, ಅಳತೆ, ಗುರುತುಗಳನ್ನೂ, ಅದು ಯಾರಿಂದ ಎಲ್ಲಿ ಯಾವಾಗ ದೊರೆಯಿತೆಂಬುದನ್ನೂ ಬರೆದಿಡುತ್ತಾನೆ. ಚಿಲ್ಲರೆ ಕಾಸಿನ ಬೊಂಬೆಯನ್ನು ಕಡೆದವನಿಗೂ ಒಂದು ಹೆಸರಿತ್ತು, ಒಂದು ಊರಿತ್ತು. ಅವು ಎಂದಾದರೂ ಬೆಳಕಿಗೆ ಬರುವುದಾದರೆ ಇಂತಹ ಬರವಣಿಗೆಯ ಮೂಲಕವೇ ಬರಬೇಕು.