ಕೊರಿಯನ್ ಭಾಷೆಯ ‘ಲ್‌ಕ್ಕ’ ಪ್ರತ್ಯಯ

ಕೊರಿಯನ್ ಕ್ರಿಯಾಪದದಲ್ಲಿ ಪುರುಷ, ಲಿಂಗ, ವಚನಗಳನ್ನು ತೋರುವ ಆಖ್ಯಾತಪ್ರತ್ಯಯಗಳಿಲ್ಲ. ಬದಲಾಗಿ, ಮಾತನಾಡುವವನ ಮನೋಭಾವವನ್ನೂ ಕೇಳುವವನಿಗೆ ಸಲ್ಲಬೇಕಾದ ಗೌರವವನ್ನೂ ಸೂಚಿಸುವ ಅಂತ್ಯಪ್ರತ್ಯಯಗಳು ಹೇರಳವಾಗಿವೆ. ಅವುಗಳಲ್ಲಿ ‘ಲ್‌ಕ್ಕ’ ಎಂಬುದು ನಿಶ್ಚಯವಿಲ್ಲದ ಪ್ರಶ್ನೆಗೆ ಸಲ್ಲುವಂಥದು. ‘ಕ’ ಧಾತುವಿಗೆ ‘ಹೋಗು’ ಎಂದರ್ಥ. ಅದಕ್ಕೆ ಈ ಪ್ರತ್ಯಯವನ್ನೂ ಗೌರವಸೂಚಕವಾದ ‘ಯೊ’ ಎಂಬುದನ್ನೂ ಹಚ್ಚಿದರೆ ‘ಕಲ್‌ಕ್ಕಯೊ’ ಎಂದಾಗುತ್ತದೆ. ಕನ್ನಡ ಲಿಪಿಯಲ್ಲಿ ಈ ಉಚ್ಚಾರಣೆಯನ್ನು ಸ್ಥೂಲವಾಗಿ ಮಾತ್ರ ತೋರಿಸಬಹುದು.

ಈ ಒಂದು ರೂಪಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಮೂರು ರೂಪಗಳು ಬೇಕು. ‘ಚೆಗ ಕಲ್‌ಕ್ಕಯೊ’ ಎಂದರೆ ‘ನಾನು ಹೋಗಲೆ?’, ‘ಉರಿ ಕಲ್‌ಕ್ಕಯೊ’ ಎಂದರೆ ‘ನಾವು ಹೋಗೋಣವೆ?’, ‘ಪಿಗ ಓಲ್‌ಕ್ಕಯೊ’ ಎಂದರೆ ‘ಮಳೆ ಬಂದೀತೆ?’ ಮೊದಲನೆಯದರಲ್ಲಿ ಕೇಳುವವನ ಅಭಿಮತವನ್ನು ಬೇಡಿದೆ; ಎರಡನೆಯದರಲ್ಲಿ ಸಲಹೆಯಿದೆ; ಮೂರನೆಯದು ಬರಿಯ ಊಹೆ. ಕನ್ನಡದಲ್ಲಿ ಕ್ರಿಯಾರೂಪವೇ ತಿಳಿಸುವ ಈ ಭೇದವನ್ನು ಕೊರಿಯನ್ನಿನಲ್ಲಿ ಕರ್ತೃಪದವೂ ಸಂದರ್ಭವೂ ತಿಳಿಸಬೇಕು. ಕರ್ತೃಪದವು ಅನೇಕವೇಳೆ ಲೋಪವಾಗುವುದರಿಂದ ಸಂದರ್ಭವೇ ಪ್ರಧಾನ. ಒಂದು ಪರೀಕ್ಷೆ ಮಾತ್ರ ಉಂಟು: ಪ್ರತ್ಯಯಕ್ಕೆ ಮೊದಲು ಭೂತಕಾಲದ ಚಿಹ್ನೆ ಬಂದರೆ (‘ಕಸ್ಸುಲ್‌ಕ್ಕಯೊ’, ‘ಹೋಗಿದ್ದಾನೆಯೆ, ಏನೋ?’) ಅದು ಊಹೆಯೇ ಹೊರತು ಸಲಹೆಯಾಗಲಾರದು. ನಡೆದುಹೋದ ಕಾರ್ಯಕ್ಕೆ ಸಲಹೆಯೆಲ್ಲಿ?

ಸಲಹೆಗೆಂದೇ ‘ಕಪ್ಶಿದ’ (‘ಹೋಗೋಣ’) ಎಂಬ ಬೇರೊಂದು ರೂಪವಿದೆ. ನೋಟಕ್ಕೆ ಅದು ಸಭ್ಯರೂಪವೇ. ಆದರೂ ಹಿರಿಯರೊಡನೆ, ಮೇಲಧಿಕಾರಿಗಳೊಡನೆ ಅದನ್ನು ಬಳಸುವುದು ಅವಿನಯವೆನಿಸುತ್ತದೆ. ನಿರ್ಧಾರವನ್ನು ಕೇಳುವವನಿಗೆ ಬಿಡುವ ಪ್ರಶ್ನಾರೂಪವು ಅದಕ್ಕಿಂತ ಮೃದುವಾದುದು. ಎರಡನ್ನೂ ‘ಹೋಗೋಣ’ ಎಂದೇ ಅನುವಾದಿಸಿದರೆ ಪಾತ್ರಗಳ ಪರಸ್ಪರ ಸಂಬಂಧವೇ ಮರೆಯಾಗುತ್ತದೆ.

ಇನ್ನೊಂದು ಪ್ರಯೋಗವು ಕನ್ನಡಿಗರಿಗೆ ಪರಿಚಿತವೆನಿಸೀತು. ‘ಕಲ್‌ಕ್ಕ’ ಎಂಬುದರ ಮುಂದೆ ‘ಮಾಡು’ ಎಂಬರ್ಥದ ಧಾತುವಿನ ‘ಹೆಯೊ’ ಎಂಬ ರೂಪ ಬಂದರೆ, ಇನ್ನೂ ದೃಢವಾಗದ ಸಂಕಲ್ಪ ಸೂಚಿತವಾಗುತ್ತದೆ. ನಾವೂ ಒಬ್ಬರೇ ಹೊರಡುವಾಗ ‘ನಾಳೆ ಊರಿಗೆ ಹೋಗೋಣ ಎಂದುಕೊಂಡಿದ್ದೇನೆ’ ಎನ್ನುವುದುಂಟಷ್ಟೆ.

ಇಂಥ ಸಾಮ್ಯಗಳನ್ನು ಕಂಡು ಎರಡು ಭಾಷೆಗಳೂ ಒಂದೇ ಮೂಲದವೆಂದು ಊಹಿಸಲಾಗದು. ಹೋಮರ್ ಹಲ್ಬರ್ಟನು 1905ರಲ್ಲಿ ಪ್ರಕಟಿಸಿದ ತೌಲನಿಕ ವ್ಯಾಕರಣದಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ಬಾಂಧವ್ಯವನ್ನು ಪ್ರತಿಪಾದಿಸಿದನು. ಇಂದಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಬಾಂಧವ್ಯಕ್ಕೆ ಕ್ರಮಬದ್ಧವಾದ ಧ್ವನಿಸಂವಾದವು ಬೇಕು. ಆದರೆ ಕೊರಿಯನ್ ಕಲಿಯುವ ಕನ್ನಡ ವಿದ್ಯಾರ್ಥಿಗೆ ‘ಹೋಗಲೆ’, ‘ಹೋಗೋಣವೆ’, ‘ಬಂದೀತೆ’ ಎಂಬ ಸ್ವಭಾಷೆಯ ಮೂರು ರೂಪಗಳೇ ಈ ಪ್ರತ್ಯಯದ ಅರ್ಥವನ್ನು ಬಿಡಿಸಿಕೊಳ್ಳಲು ಒಳ್ಳೆಯ ಸಾಧನಗಳಾಗುತ್ತವೆ.