ವಸಂತದ ಮಳೆ ಮತ್ತು ಮಂಗಳೂರು

ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ ಋತು. ಕಾವ್ಯಗಳಲ್ಲಿ ಇದು ಮಂದಮಾರುತದ ಕಾಲ, ಕೋಗಿಲೆಯ ಕಾಲ, ಮಾವಿನ ಚಿಗುರಿನ ಕಾಲ. ಮಂಗಳೂರಿನಲ್ಲಿ ವಾಸಿಸತಕ್ಕವರಿಗೆ ಮಾತ್ರ ಈ ಎರಡು ತಿಂಗಳು ಬೆವರಿನ ಕಾಲ, ಸಂದೇಹದ ಕಾಲ. ಬೆಳಗ್ಗೆ ಅಂಗಳದಲ್ಲಿ ಹಲಸಿನ ಹಪ್ಪಳವನ್ನೋ ಮಾಂಬಳವನ್ನೋ ಹರವಿದ ಗೃಹಿಣಿಯು ಮಧ್ಯಾಹ್ನ ಕಳೆದೊಡನೆ ಮೂಡಣ ದಿಕ್ಕನ್ನು ನೋಡುತ್ತಾಳೆ. ಅಡಕೆಯನ್ನು ಒಣಹಾಕಿದ ಕೃಷಿಕನೂ, ಮಗಳ ಮದುವೆಗೆ ಚಪ್ಪರ ಹಾಕಿಸಿದ ಯಜಮಾನನೂ ನೋಡುವುದು ಅದೇ ದಿಕ್ಕನ್ನು. ಕಡಲಿಗೆ ಹೊರಟ ಮೀನುಗಾರನೊಬ್ಬನು ಪಡುವಣವನ್ನು ನೋಡುತ್ತಾನೆ. ಇವರೆಲ್ಲರ ಪ್ರಶ್ನೆ ಒಂದೇ: ಈ ದಿನ ಮಳೆ ಬರುವುದೋ ಇಲ್ಲವೋ? ಈ ಪ್ರಶ್ನೆಗೆ ಉತ್ತರ ಹೇಳುವುದು ಏಕೆ ಕಷ್ಟ, ಉತ್ತರ ಹೇಳಬಹುದಾದ ಬೇರೆ ಪ್ರಶ್ನೆ ಯಾವುದು, ಎಂಬ ಎರಡು ವಿಷಯಗಳನ್ನು ಈ ಹೊತ್ತು ವಿಚಾರಮಾಡೋಣ.

ವಸಂತದಲ್ಲಿ ಹವೆ ಚಂಚಲವಾಗಿರುವುದು ನಮ್ಮ ಊರೊಂದರ ಪಾಡಲ್ಲ. ಚಳಿಯ ದೇಶಗಳಲ್ಲಿ ಈ ಕಾಲದ ಭಯವೆಂದರೆ ತಡವಾಗಿ ಬೀಳುವ ಹಿಮ. ಬಿಸಿಲು ಬಂತೆಂದು ಗಿಡಗಳು ನಂಬಿ ಚಿಗುರುತ್ತವೆ. ಆಮೇಲೆ ಒಂದು ರಾತ್ರಿ ಉತ್ತರದ ಗಾಳಿ ಬೀಸಿ ಚಿಗುರೆಲ್ಲ ಸುಟ್ಟಂತೆ ಕಪ್ಪಾಗುತ್ತದೆ. ೨೦೨೧ರಲ್ಲಿ ಫ್ರಾನ್ಸ್ ದೇಶದಲ್ಲಿ ನಡೆದುದು ಇದೇ. ಮಾರ್ಚಿಯ ಕೊನೆಯ ದಿನಗಳು ಬೆಚ್ಚಗಿದ್ದುವು. ಏಪ್ರಿಲ್ ಮೊದಲನೆಯ ಭಾಗದಲ್ಲಿ ಬಿದ್ದ ಮಂಜುಗಡ್ಡೆಗೆ ದ್ರಾಕ್ಷಿಯ ತೋಟಗಳೂ ಹಣ್ಣಿನ ತೋಟಗಳೂ ಸಿಕ್ಕಿ ಅಪಾರ ನಷ್ಟವಾಯಿತು. ಜರ್ಮನಿ ಮೊದಲಾದ ದೇಶಗಳ ತೋಟಗಾರರು ಮೇ ತಿಂಗಳ ೧೧ರಿಂದ ೧೫ರವರೆಗಿನ ದಿನಗಳನ್ನು ಹಿಮದ ಸಂತರ ದಿನಗಳೆಂದು ಕರೆದು, ಅವು ಕಳೆಯುವ ತನಕ ಎಳೆಯ ಸಸಿಗಳನ್ನು ಹೊರಗೆ ನೆಡುವುದಿಲ್ಲ. ನಮ್ಮ ಹಿಮಾಲಯದ ತಪ್ಪಲಿನಲ್ಲಿಯೂ ಪಶ್ಚಿಮದಿಂದ ಬರುವ ವಾಯುವಿಕ್ಷೋಭೆಗಳ ದೆಸೆಯಿಂದ ವಸಂತದಲ್ಲಿ ಹಿಮ ಬೀಳುವುದುಂಟು.

ಹಾಗಾದರೆ ಮಂಗಳೂರಿನಲ್ಲಿ ಹಿಮ ಬೀಳುವುದೆ? ಈ ಪ್ರಶ್ನೆಯನ್ನು ಕೇಳಿ ಶ್ರೋತೃಗಳು ನಗಬಹುದು. ಆದರೆ ಉತ್ತರದಲ್ಲಿ ಸ್ವಲ್ಪ ಸ್ವಾರಸ್ಯವಿದೆ. ನೆಲದಿಂದ ಮೇಲಕ್ಕೆ ಹೋದಂತೆ ಒಂದೊಂದು ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಕರಾವಳಿಯಲ್ಲಿ ೩೩ ಡಿಗ್ರಿ ಇದ್ದಾಗ ಸುಮಾರು ೫ ಕಿಲೋಮೀಟರು ಎತ್ತರದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಎರಡು ಕಿಲೋಮೀಟರಿಗೂ ಕಡಮೆ; ಆದುದರಿಂದ ನಮ್ಮ ಯಾವ ಬೆಟ್ಟಕ್ಕೂ ಹಿಮ ನಿಲುಕದು. ಆದರೆ ವೈಶಾಖದ ಗುಡುಗಿನ ಮೋಡಕ್ಕೆ ನಿಲುಕುತ್ತದೆ. ಅದರ ತಳ ಒಂದೆರಡು ಕಿಲೋಮೀಟರಿನಲ್ಲಿದ್ದರೆ ತಲೆ ಹನ್ನೆರಡು, ಹದಿನೈದು ಕಿಲೋಮೀಟರಿನವರೆಗೆ ಏರಿರುತ್ತದೆ. ಆ ಮೇಲಣ ಭಾಗವೆಲ್ಲ ಹಿಮದ ಹರಳು. ನಾವು ಸೆಕೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿರುವಾಗ ನಮ್ಮ ತಲೆಯ ಮೇಲೆ ಐದಾರು ಕಿಲೋಮೀಟರು ದೂರದಲ್ಲಿ ಹಿಮ ಬೀಳುತ್ತಲೇ ಇರುತ್ತದೆ. ಬರುವ ದಾರಿಯಲ್ಲಿ ಕರಗಿ ನೀರಾಗುತ್ತದೆ. ಬೇಸಗೆಯ ಮಳೆಯ ಮೊದಲ ದಪ್ಪ ಹನಿಗಳು ಮೈಗೆ ತಣ್ಣಗೆ ತಗಲುವುದಕ್ಕೆ ಇದೂ ಒಂದು ಕಾರಣ.

ಕೆಲವು ವೇಳೆ ಅದು ಪೂರ್ತಿ ಕರಗದೆಯೂ ಬರುವುದುಂಟು, ಆಗ ಆಲಿಕಲ್ಲು. ಮೋಡದೊಳಗೆ ರಭಸದಿಂದ ಮೇಲೇರುವ ಗಾಳಿ ಹಿಮದ ಹರಳುಗಳನ್ನು ಬೀಳಗೊಡದೆ ಎತ್ತಿ ಹಿಡಿಯುತ್ತದೆ. ಅಲ್ಲಿನ ತಣ್ಣನೆಯ ನೀರಿನ ಹನಿಗಳು ಅದಕ್ಕೆ ತಗಲಿ ಪದರ ಪದರವಾಗಿ ಹೆಪ್ಪುಗಟ್ಟುತ್ತವೆ. ಗಾಳಿ ಹೊರಲಾರದಷ್ಟು ಭಾರವಾದಾಗ ಕಲ್ಲು ಕೆಳಗೆ ಬೀಳುತ್ತದೆ. ಬೆಂಗಳೂರು, ಕೊಡಗು, ಚಿಕ್ಕಮಗಳೂರು ಕಡೆಗಳಲ್ಲಿ ನೆಲವೇ ಎತ್ತರದಲ್ಲಿರುವುದರಿಂದ ಕಲ್ಲಿಗೆ ಬೀಳುವ ದಾರಿ ಕಿರಿದು. ಕರಾವಳಿಯಲ್ಲಿ ದಾರಿಯೂ ಉದ್ದ, ಗಾಳಿಯೂ ಬೆಚ್ಚಗೆ, ತೇವ. ಆದುದರಿಂದ ಘಟ್ಟದ ಮೇಲೆ ಆಲಿಕಲ್ಲಾಗಿ ಬೀಳುವುದು ಘಟ್ಟದ ಕೆಳಗೆ ಹೆಚ್ಚಾಗಿ ನೀರಾಗಿಯೇ ಬೀಳುತ್ತದೆ.

ಇನ್ನು ಈ ಮೋಡಗಳು ಹುಟ್ಟುವ ಬಗೆಯನ್ನು ನೋಡೋಣ. ಏಪ್ರಿಲ್ ೨೪ರ ಸುಮಾರಿಗೆ ಸೂರ್ಯನು ಮಂಗಳೂರಿನ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಹನ್ನೆರಡೂವರೆ ಗಂಟೆಯ ಹೊತ್ತಿಗೆ ನೆಟ್ಟನೆ ನಿಲ್ಲಿಸಿದ ಕಂಬಕ್ಕೆ ನೆರಳೇ ಇರುವುದಿಲ್ಲ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಗಾಳಿ ಹಗುರವಾಗಿ ಮೇಲೇರಲು ಅದರ ಎಡೆಯನ್ನು ತುಂಬುವುದಕ್ಕೆ ಕಡಲ ಗಾಳಿ ಒಳನಾಡಿಗೆ ನುಗ್ಗುತ್ತದೆ. ಈ ಕಡಲ ಗಾಳಿಯೇ ನಮ್ಮ ರಕ್ಷಕ. ಒಳನಾಡಿನ ಕಡೆಯಿಂದ ಮೂಡಣ ಗಾಳಿ ಜೋರಾಗಿ ಬೀಸಿ ಅದನ್ನು ತಡೆದ ದಿನ ಕರಾವಳಿಯ ಊರುಗಳು ಘಟ್ಟದ ಮೇಲಣ ಊರುಗಳಿಗಿಂತ ಹೆಚ್ಚು ಬೇಯುತ್ತವೆ. ಫೆಬ್ರವರಿ, ಮಾರ್ಚಿ ತಿಂಗಳಲ್ಲಿಯೇ ಅನಿರೀಕ್ಷಿತವಾಗಿ ಉರಿಬಿಸಿಲು ಬರುವುದು ಇದರಿಂದ.

ಕಡಲ ಗಾಳಿ ತಾನೊಂದೇ ಬರುವುದಿಲ್ಲ. ನೀರಿನ ಆವಿಯನ್ನು ಹೊತ್ತು ತರುತ್ತದೆ. ಅದು ಪಶ್ಚಿಮ ಘಟ್ಟಗಳ ಗೋಡೆಗೆ ಬಂದು ತಾಗಿ ಮೇಲೇರುತ್ತದೆ, ಏರಿ ತಣಿಯುತ್ತದೆ, ತಣಿದು ಮೋಡವಾಗುತ್ತದೆ. ಮಧ್ಯಾಹ್ನದ ಮೇಲೆ ಚಾರ್ಮಾಡಿ, ಕುದುರೆಮುಖಗಳ ಕಡೆಯಲ್ಲಿ ಬೆಳ್ಳನೆಯ ಗೋಪುರಗಳು ಎದ್ದಂತೆ ಕಾಣುವುದು ಇವೇ. ಮೇಲಣ ಗಾಳಿ ಮೂಡಣದಿಂದ ಬೀಸುತ್ತಿದ್ದರೆ ಆ ಮೋಡ ಸಂಜೆಗೆ ಬೆಳ್ತಂಗಡಿ, ಬಂಟ್ವಾಳಗಳನ್ನು ದಾಟಿ ಮಂಗಳೂರಿಗೆ ಬರುತ್ತದೆ. ಇಲ್ಲವಾದರೆ ಅಲ್ಲಿಯೇ ಸುರಿದು ಮುಗಿಯುತ್ತದೆ. ಇಂತಹ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು, ಆಯುಸ್ಸು ಒಂದೆರಡು ಗಂಟೆ. ಆದುದರಿಂದ ಕದ್ರಿಯಲ್ಲಿ ಕೊಡೆ ಹಿಡಿದಾಗ ಉಳ್ಳಾಲದಲ್ಲಿ ಬಿಸಿಲು ಇರುವುದು ಸೋಜಿಗವಲ್ಲ. ಕೊತಕೊತನೆ ಕುದಿಯುವ ಪಾತ್ರೆಯಲ್ಲಿ ಗುಳ್ಳೆಗಳು ಏಳುವುವೆಂದು ನಾವು ಹೇಳಬಲ್ಲೆವು. ಮುಂದಿನ ಗುಳ್ಳೆ ಯಾವ ಜಾಗದಲ್ಲಿ ಏಳುವುದೆಂದು ಹೇಳಲಾರೆವು. ಮಳೆಯ ವಿಷಯವೂ ಹೀಗೆಯೇ. ಮೋಡ ಹುಟ್ಟಿದ ಮೇಲೆ ರಾಡಾರ್ ಯಂತ್ರದಿಂದಲೂ ಉಪಗ್ರಹದಿಂದಲೂ ಅದನ್ನು ಕಂಡು ಎರಡು ಮೂರು ಗಂಟೆ ಮೊದಲೇ ಎಚ್ಚರಿಕೆ ಕೊಡುವುದು ಇಂದು ಸಾಧ್ಯ. ನಾಳೆ ಸಂಜೆ ಇಂಥ ಬೀದಿಯಲ್ಲಿ ಮಳೆ ಎಂದು ಯಾರಾದರೂ ಖಂಡಿತವಾಗಿ ಹೇಳಿದರೆ ಅದನ್ನು ನಂಬಬೇಕಾದುದಿಲ್ಲ.

ಪಡುವಣದ ಮಾತು ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಆಗ್ನೇಯ ಭಾಗದ ನೀರು ೩೦ ಡಿಗ್ರಿಗೂ ಮಿಕ್ಕಿ ಬೆಚ್ಚಗಾಗುತ್ತದೆ. ಚಂಡಮಾರುತಕ್ಕೆ ಅದು ಆಹಾರ. ಈಚಿನ ದಶಕಗಳಲ್ಲಿ ಈ ಸಮುದ್ರ ಮೊದಲಿಗಿಂತ ಬೆಚ್ಚಗಾಗಿ ಅಲ್ಲಿ ಪ್ರಬಲವಾದ ಚಂಡಮಾರುತಗಳು ಹೆಚ್ಚಿವೆ. ೨೦೨೧ರ ಮೇ ತಿಂಗಳ ನಡುವೆ ತೌಕ್ತೆ ಎಂಬ ಚಂಡಮಾರುತ ನಮ್ಮ ತೀರದ ಪಕ್ಕದಲ್ಲಿಯೇ ಹಾದು ಗುಜರಾತಿಗೆ ಹೋಯಿತು. ಅದು ನೆಲವನ್ನು ಮುಟ್ಟಿದುದು ನಮ್ಮಿಂದ ಬಹುದೂರದಲ್ಲಾದರೂ, ಇಲ್ಲಿಯ ಕಡಲಿನಲ್ಲಿ ಒಂದು ಟಗ್ಗು ದೋಣಿ ಮಗುಚಿ ಜೀವಹಾನಿಯಾಯಿತು. ಮೂಲ್ಕಿಯ ಕಡೆಯಲ್ಲಿ ಬಂಡೆಗಳ ನಡುವೆ ಸಿಕ್ಕಿಕೊಂಡ ಇನ್ನೊಂದರಲ್ಲಿದ್ದ ೯ ಮಂದಿಯನ್ನು ಮೇ ೧೭ರಂದು ಕರಾವಳಿ ರಕ್ಷಣಾ ಪಡೆಯವರೂ ನೌಕಾಪಡೆಯವರೂ ಪಾರುಮಾಡಿದರು. ಜೂನ್ ೧ರಿಂದ ೬೧ ದಿನ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಮೇ ತಿಂಗಳ ಕೊನೆಯ ವಾರಗಳು ದೋಣಿಯವರ ಪಾಲಿಗೆ ಸಂಪಾದನೆಯ ಕಡೆಯ ದಿನಗಳು. ಅಂತಹ ದಿನಗಳಲ್ಲಿ ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಬಂದಾಗ ಅದನ್ನು ಪಾಲಿಸುವುದಕ್ಕೆ ಎಷ್ಟು ಮನೋಬಲ ಬೇಕೆಂಬುದನ್ನು ದಡದಲ್ಲಿರುವ ನಾವು ನೆನೆಯಬೇಕು.

ಬಿಡಿ ಮಳೆಯನ್ನು ಹೇಳಲಾಗದಿದ್ದರೂ ಮಳೆಗಾಲದ ಆರಂಭವನ್ನು ತಕ್ಕಮಟ್ಟಿಗೆ ಹೇಳಬಹುದು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅದು ಮೇ ೨೪ರ ಸುಮಾರಿಗೆ ಬರುತ್ತದೆ. ಆ ದಿನಕ್ಕೆ ಯಕ್ಷಗಾನದ ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುತ್ತವೆ; ಕೋಲ ನೇಮಗಳೂ ಜಾತ್ರೆಗಳೂ ನಿಲ್ಲುತ್ತವೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕೆಂಬುದು ಹಿರಿಯರ ನಂಬಿಕೆ. ಇದು ಕೇವಲ ಆಚಾರವಲ್ಲ. ತಲೆಮಾರುಗಳ ಅನುಭವವನ್ನು ಒಂದು ದಿನಕ್ಕೆ ಕಟ್ಟಿಟ್ಟ ವಿವೇಕ. ಬಯಲಿನಲ್ಲಿ ನಡೆಯತಕ್ಕ ಕೆಲಸವನ್ನೆಲ್ಲ ಇಷ್ಟರೊಳಗೆ ಮುಗಿಸಿಕೊಳ್ಳಿರಿ ಎಂಬುದು ಅದರ ತಾತ್ಪರ್ಯ. ಸಸಿ ನೆಡಲು ಕಾಯುವ ಜರ್ಮನಿಯ ತೋಟಗಾರನ ವಿವೇಕವೂ ಇದೇ ಜಾತಿಯದು.

ಇಂದಿನ ಹವಾಮಾನ ಇಲಾಖೆಯವರ ಲೆಕ್ಕ ಇನ್ನಷ್ಟು ಖಚಿತ. ಕೇರಳಕ್ಕೆ ಮುಂಗಾರು ಬಂತೆಂದು ಸಾರುವುದಕ್ಕೆ ಅವರು ೧೪ ಕೇಂದ್ರಗಳನ್ನು ಗೊತ್ತುಮಾಡಿದ್ದಾರೆ. ಮೇ ೧೦ರ ಮೇಲೆ ಎರಡು ದಿನ ಎಡೆಬಿಡದೆ ಅವುಗಳಲ್ಲಿ ನೂರಕ್ಕೆ ಅರುವತ್ತರಷ್ಟು ಕೇಂದ್ರಗಳಲ್ಲಿ ಎರಡೂವರೆ ಮಿಲಿಮೀಟರಾದರೂ ಮಳೆಯಾಗಬೇಕು, ಪಡುವಣ ಗಾಳಿ ಸಾಕಷ್ಟು ಎತ್ತರದವರೆಗೆ ತುಂಬಿ ಬೀಸುತ್ತಿರಬೇಕು, ಮೋಡಗಳು ದಟ್ಟವಾಗಿರಬೇಕು. ಈ ಹದಿನಾಲ್ಕರಲ್ಲಿ ಹೆಚ್ಚಿನವು ಕೇರಳದವು, ಎರಡು ಲಕ್ಷದ್ವೀಪದವು. ಕಾಸರಗೋಡಿನ ಕೂಡ್ಲು ಒಂದು, ನಮ್ಮ ಮಂಗಳೂರು ಒಂದು. ನಮ್ಮ ಊರಿನಲ್ಲಿ ಬಿದ್ದ ಮಳೆಯೂ ದೇಶದ ಮುಂಗಾರಿನ ಸಾಕ್ಷಿಗಳಲ್ಲಿ ಒಂದೆಂಬುದು ಅನೇಕರಿಗೆ ತಿಳಿಯದು. ೨೦೦೫ರಿಂದ ಇಲಾಖೆಯವರು ಈ ದಿನವನ್ನು ಮುಂದಾಗಿಯೇ ಹೇಳುತ್ತ ಬಂದಿದ್ದಾರೆ. ಹೇಳುವಾಗ ನಾಲ್ಕು ದಿನ ಹಿಂದೆ ಮುಂದೆ ಆಗಬಹುದೆಂದೂ ಹೇಳುತ್ತಾರೆ. ೨೦೦೫ರಿಂದ ೨೦೨೫ರವರೆಗೆ ೨೦೧೫ ಒಂದನ್ನುಳಿದು ಈ ಮಾತು ಸುಳ್ಳಾಗಲಿಲ್ಲ.

ಆದರೆ ಹೇಳಿದ ದಿನ ನಿಜವಾಯಿತೆಂಬುದರಿಂದ ಪ್ರತಿ ವರ್ಷವೂ ಮಳೆ ಒಂದೇ ದಿನ ಬರುತ್ತದೆಂದು ಅರ್ಥವಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ ೧. ೨೦೧೯ರಲ್ಲಿಯೂ ೨೦೨೩ರಲ್ಲಿಯೂ ಅದು ಬಂದುದು ಜೂನ್ ೮ರಂದು. ೨೦೨೫ರಲ್ಲಿ ಮೇ ೨೪ರಂದೇ ಬಂತು. ೨೦೦೯ರಿಂದ ಈಚೆಗೆ ಅಷ್ಟು ಬೇಗ ಬಂದುದಿಲ್ಲ. ಎರಡಕ್ಕೂ ನಡುವೆ ಹದಿನೈದು ದಿನ. ಕಾಗದದ ಮೇಲೆ ಹದಿನೈದು ದಿನ ಅಲ್ಪ; ಮಂಗಳೂರಿನಂತಹ ನಗರಕ್ಕೆ ಅದು ಅಲ್ಪವಲ್ಲ.

ಹೇಗೆಂದರೆ, ನಗರದ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು; ಆದರೂ ಆ ಮಳೆಯ ಬಹುಭಾಗ ನಾಲ್ಕು ತಿಂಗಳೊಳಗೆ ಸುರಿದು ಕಡಲಿಗೆ ಹೋಗುತ್ತದೆ. ಮೇ ತಿಂಗಳಿಗೆ ಹೊಳೆ ಬತ್ತಿದಾಗ ಉಳಿಯುವುದು ಅಣೆಕಟ್ಟಿನಲ್ಲಿ ತಡೆದ ನೀರು ಮಾತ್ರ. ೨೦೧೯ರ ಮೇ ತಿಂಗಳಲ್ಲಿಯೂ ೨೦೨೩ರ ಮೇ ತಿಂಗಳಲ್ಲಿಯೂ ನಗರಕ್ಕೆ ನೀರನ್ನು ಸರದಿಯ ಮೇಲೆ ಹಂಚಬೇಕಾಯಿತು. ಆ ಎರಡು ವರ್ಷವೂ ಮುಂಗಾರು ತಡವಾಯಿತೆಂಬುದನ್ನು ಗಮನಿಸಬೇಕು.

ಬೇಗ ಬಂದರೆ ಎಲ್ಲವೂ ಸುಖವೆಂದೂ ತಿಳಿಯಬಾರದು. ೨೦೧೮ರಲ್ಲಿ ಕೇರಳಕ್ಕೆ ಮುಂಗಾರು ಬಂತೆಂದು ಸಾರಿದ ಮೇ ೨೯ರಂದೇ ಮಂಗಳೂರಿನಲ್ಲಿ ಸುರಿದ ಮಳೆಗೆ ಬೀದಿಗಳು ಹೊಳೆಗಳಾದುವು, ಮನೆಗಳಿಗೆ ನೀರು ನುಗ್ಗಿತು. ಮಳೆಗಾಲಕ್ಕೆ ಇನ್ನೂ ದಿನಗಳಿವೆಯೆಂದು ಎಣಿಸಿ ಹೂಳು ತೆಗೆಯದ ಚರಂಡಿಗಳು ಇಂತಹ ದಿನ ತಮ್ಮ ಕಥೆಯನ್ನು ತಾವೇ ಹೇಳುತ್ತವೆ. ೨೦೨೫ರ ಮೇ ೩೦ರಂದು ನಗರಕ್ಕೆ ಸಮೀಪದ ಮಂಜನಾಡಿಯಲ್ಲಿ ಗುಡ್ಡ ಕುಸಿದು ಮನೆಯ ಮೇಲೆ ಬಿದ್ದು, ಎಳೆಯ ಮಕ್ಕಳೂ ಪ್ರಾಣ ಕಳೆದುಕೊಂಡರು. ನಮ್ಮ ಕೆಂಪುಕಲ್ಲಿನ ಗುಡ್ಡಗಳು ಮೇಲೆ ಗಟ್ಟಿ, ಒಳಗೆ ಜೇಡಿಮಣ್ಣು. ಬುಡವನ್ನು ನೆಟ್ಟಗೆ ಕಡಿದು ಮನೆ ಕಟ್ಟಿದಲ್ಲಿ ಮಳೆಯ ನೀರು ಒಳಗೆ ಇಳಿದು ಮಣ್ಣನ್ನು ಭಾರಮಾಡಿ ಸಡಿಲಿಸುತ್ತದೆ. ತೋಟದಲ್ಲಿಯೂ ಹೀಗೆಯೇ ತೊಡಕು: ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ ಸಿಂಪಡಿಸಬೇಕು, ಮುಂಗಾರು ಮೇ ತಿಂಗಳಲ್ಲೇ ಬಂದರೆ ಅದಕ್ಕೆ ಬೇಕಾದ ಒಣಹವೆ ದೊರೆಯುವುದು ಕಷ್ಟ.

ಇದರಿಂದ ತಿಳಿಯಬೇಕಾದುದೇನು? ವಸಂತದ ಹವೆಯನ್ನು ಕುರಿತು ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮಳೆ ಯಾವ ದಿನ ಬರುವುದು ಎಂದು. ಕೇಳಬೇಕಾದ ಪ್ರಶ್ನೆ, ಮಳೆ ಎಷ್ಟು ಬೇಗ ಬಂದೀತು, ಎಷ್ಟು ತಡವಾದೀತು ಎಂದು. ಮೊದಲನೆಯದಕ್ಕೆ ಉತ್ತರ ಪ್ರತಿ ವರ್ಷ ಬದಲಾಗುತ್ತದೆ. ಎರಡನೆಯದಕ್ಕೆ ಉತ್ತರ ನಮ್ಮ ಕೈಯಲ್ಲಿಯೇ ಇದೆ. ಬೇಗ ಬರುವ ವರ್ಷಕ್ಕೆ ತಕ್ಕಂತೆ ಚರಂಡಿಗಳ ಹೂಳು, ಮಾಡಿನ ಹಂಚು, ಗುಡ್ಡದ ಅಂಚು ಇವುಗಳ ಕೆಲಸ ಮೇ ಮೂರನೆಯ ವಾರದೊಳಗೆ ಮುಗಿದಿರಬೇಕು. ತಡವಾಗಿ ಬರುವ ವರ್ಷಕ್ಕೆ ತಕ್ಕಂತೆ ಅಣೆಕಟ್ಟಿನ ನೀರು ಜೂನ್ ಎರಡನೆಯ ವಾರದವರೆಗೆ ಸಾಲುವಂತೆ ಮಾರ್ಚಿಯಿಂದಲೇ ಮಿತವಾಗಿ ಖರ್ಚಾಗಬೇಕು. ಒಂದೇ ವರ್ಷದಲ್ಲಿ ಎರಡು ಸಿದ್ಧತೆಯೂ ಏಕೆಂದು ಕೇಳಬಹುದು. ಯಾವುದು ಬೇಕಾಗುವುದೆಂದು ಮಾರ್ಚಿಯಲ್ಲಿ ಯಾರಿಗೂ ತಿಳಿಯದಿರುವುದೇ ಅದಕ್ಕೆ ಕಾರಣ.

ಮನೆಯ ಮಟ್ಟಿಗೂ ಇದೇ ನ್ಯಾಯ. ಗುಡುಗು ಕೇಳಿಸಿದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲಿದ್ದೇವೆಂದು ತಿಳಿದು ಅಂಗಳದಿಂದಲೂ ಗದ್ದೆಯಿಂದಲೂ ಮರದ ಬುಡದಿಂದಲೂ ಒಡನೆ ಒಳಗೆ ಹೋಗಬೇಕು. ಹಪ್ಪಳ ನೆನೆದರೆ ಇನ್ನೊಮ್ಮೆ ಒತ್ತಬಹುದು. ಹೋದ ಜೀವ ಬಾರದು. ಮಂಗಳೂರಿನ ಆಕಾಶ ಮೇ ತಿಂಗಳಲ್ಲಿ ಯಾರಿಗೂ ಮಾತು ಕೊಡುವುದಿಲ್ಲ. ಆದುದರಿಂದ ಅದರ ಮಾತಿಗಾಗಿ ಕಾಯದೆ ನಮ್ಮ ಕೆಲಸವನ್ನು ನಾವು ಮುಗಿಸಿಕೊಂಡಿದ್ದರೆ, ಪತ್ತನಾಜೆಗೆ ಬೀಳುವುದು ಹತ್ತು ಹನಿಯಾದರೂ ಸರಿ, ಹೊಳೆ ತುಂಬುವ ಮಳೆಯಾದರೂ ಸರಿ.