ಭಾರತ ಹವಾಮಾನ ಇಲಾಖೆ ಮತ್ತು ದೇಶದ ತಾಪಮಾನ ಏರಿಕೆ

ಭಾರತ ಹವಾಮಾನ ಇಲಾಖೆಯು ಕೇಂದ್ರ ಸರ್ಕಾರದ ಭೂ ವಿಜ್ಞಾನ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಹವಾಮಾನ ಸಂಸ್ಥೆ. 1875ರಲ್ಲಿ ಸ್ಥಾಪನೆಯಾದ ಇದರ ಕೇಂದ್ರ ಕಚೇರಿ ನವದೆಹಲಿಯಲ್ಲಿದೆ. ಹವಾಮಾನ ವೀಕ್ಷಣೆ, ಮುನ್ಸೂಚನೆ ಮತ್ತು ವಿಪತ್ತುಗಳ ಮುನ್ನೆಚ್ಚರಿಕೆ ಇದರ ಮುಖ್ಯ ಕಾರ್ಯಗಳು. ಇಲಾಖೆಯ ದೀರ್ಘಕಾಲದ ದಾಖಲೆಗಳು ಭಾರತದ ತಾಪಮಾನ ಏರಿಕೆಯನ್ನು ಅಳೆಯಲು ಪ್ರಮುಖ ಆಧಾರವಾಗಿವೆ.

ಇತಿಹಾಸ

1864ರಲ್ಲಿ ಕಲ್ಕತ್ತಾಕ್ಕೆ ಅಪ್ಪಳಿಸಿದ ಚಂಡಮಾರುತ ಹಾಗೂ 1866 ಮತ್ತು 1871ರ ಮುಂಗಾರು ವೈಫಲ್ಯಗಳು ಇಲಾಖೆಯ ಸ್ಥಾಪನೆಗೆ ಕಾರಣವಾದವು. ಇದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಪ್ರಮಾಣವನ್ನು ಆಧರಿಸಿ 1886ರಲ್ಲಿ ಮುಂಗಾರಿನ ಮುನ್ಸೂಚನೆ ನೀಡಿದರು. 1904ರಿಂದ 1924ರವರೆಗೆ ಮಹಾನಿರ್ದೇಶಕರಾಗಿದ್ದ ಗಿಲ್ಬರ್ಟ್ ವಾಕರ್ ಅವರು ಮುಂಗಾರಿನ ಏರಿಳಿತದ ಕಾರಣ ಹುಡುಕುತ್ತಾ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರದ ನಡುವಿನ 'ದಕ್ಷಿಣ ಆಂದೋಲನ'ವನ್ನು ಗುರುತಿಸಿದರು. ಇಂದಿನ ಎಲ್ ನಿನೊ ಅಧ್ಯಯನಕ್ಕೆ ಇದು ಅಡಿಪಾಯವಾಯಿತು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದ್ದ ಅಣ್ಣಾ ಮಣಿ 1948ರಲ್ಲಿ ಇಲಾಖೆಯನ್ನು ಸೇರಿ, ಹವಾಮಾನ ಉಪಕರಣಗಳನ್ನು ದೇಶದಲ್ಲಿಯೇ ತಯಾರಿಸುವ ಮತ್ತು ಅವುಗಳ ಗುಣಮಟ್ಟ ನಿಗದಿಪಡಿಸುವ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು.

ತಾಪಮಾನದ ಏರಿಕೆ

ದೇಶದ ಸರಾಸರಿ ತಾಪಮಾನದ ದಾಖಲೆ 1901ರಿಂದ ಲಭ್ಯವಿದೆ. 2020ರಲ್ಲಿ ಭೂ ವಿಜ್ಞಾನ ಸಚಿವಾಲಯ ಪ್ರಕಟಿಸಿದ ವರದಿಯ ಪ್ರಕಾರ, 1901ರಿಂದ 2018ರ ನಡುವೆ ಈ ಸರಾಸರಿ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ಅವಧಿಯಲ್ಲಿ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕಡಿಮೆಯಾಗಿದ್ದು, ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟಗಳಲ್ಲಿ ಈ ಇಳಿಕೆ ಎದ್ದು ಕಾಣುತ್ತದೆ. 2024 ದಾಖಲೆಯಲ್ಲಿನ ಅತ್ಯಂತ ಬಿಸಿಯಾದ ವರ್ಷವಾಯಿತು. ಅದರ ಸರಾಸರಿ ವಾಡಿಕೆಗಿಂತ 0.65 ಡಿಗ್ರಿ ಹೆಚ್ಚಿತ್ತು.

'ವಾಡಿಕೆ'ಯ ಅರ್ಥ

ಮುನ್ಸೂಚನೆಗಳಲ್ಲಿ ಬರುವ 'ವಾಡಿಕೆ' ಎಂಬುದು ಸ್ಥಿರವಾದ ಸಂಖ್ಯೆಯಲ್ಲ. ಅದು ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯಾಗಿದ್ದು, ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತದೆ. 2024ರ ಹೋಲಿಕೆಗೆ ಬಳಸಿದ್ದು 1991ರಿಂದ 2020ರ ಸರಾಸರಿ. ಈ ಅವಧಿಯೇ ಹಿಂದಿನ ದಶಕಗಳಿಗಿಂತ ಬಿಸಿಯಾಗಿದ್ದುದರಿಂದ, 20ನೇ ಶತಮಾನದ ಆರಂಭಕ್ಕೆ ಹೋಲಿಸಿದರೆ ಏರಿಕೆ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ಇಂತಹ ಅಂಕಿಅಂಶಗಳನ್ನು ಓದುವಾಗ ಹೋಲಿಕೆಯ ಅವಧಿಯನ್ನು ಗಮನಿಸುವುದು ಅಗತ್ಯ.

ಬಿಸಿಗಾಳಿಯ ಘೋಷಣೆಗೂ ವಾಡಿಕೆಯೇ ಒಂದು ಮಾನದಂಡ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸಲಾಗುತ್ತದೆ. ತಾಪಮಾನ 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಹೋಲಿಕೆಯಿಲ್ಲದೆಯೂ ಘೋಷಿಸಬಹುದು. ದೇಶದ ಅತ್ಯಧಿಕ ತಾಪಮಾನವಾದ 51 ಡಿಗ್ರಿ, 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ ದಾಖಲಾಗಿದೆ.

ಮುನ್ನೆಚ್ಚರಿಕೆ

ಇಲಾಖೆಯು ಅಪಾಯದ ಮಟ್ಟವನ್ನು ಹಸಿರು, ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ಸೂಚಿಸುತ್ತದೆ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10,000 ಜನರು ಮೃತಪಟ್ಟಿದ್ದರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸುವ ಮುನ್ನ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರಿಂದ ಸಾವಿನ ಸಂಖ್ಯೆ ನೂರನ್ನು ದಾಟಲಿಲ್ಲ. ಚಂಡಮಾರುತದ ಪಥವನ್ನು ಹಲವು ದಿನಗಳ ಮೊದಲೇ ತಿಳಿಸಬಹುದಾದರೂ, ಸಣ್ಣ ಪ್ರದೇಶದಲ್ಲಿ ಅಲ್ಪಾವಧಿಯಲ್ಲಿ ಸುರಿಯುವ ಭಾರೀ ಮಳೆಯ ಸ್ಥಳ ಮತ್ತು ಸಮಯವನ್ನು ನಿಖರವಾಗಿ ಹೇಳುವುದು ಈಗಲೂ ಕಷ್ಟ. ಬಿಸಿಯಾದ ಗಾಳಿ ಹೆಚ್ಚು ತೇವಾಂಶವನ್ನು ಹಿಡಿದಿಡುವುದರಿಂದ ಅಂತಹ ಮಳೆಯ ಸಾಧ್ಯತೆ ಹೆಚ್ಚುತ್ತಿದೆ. ರಾಡಾರ್ ಮತ್ತು ವೀಕ್ಷಣಾ ಜಾಲವನ್ನು ವಿಸ್ತರಿಸುವ 'ಮಿಷನ್ ಮೌಸಮ್' ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿತು.